ಲೋಹದ ಗುರುತು ಬಿಟ್ಟ ವಾಚು

ಷಾಮ್‌ಷುಯಿಪೋ, ಹಾಂಗ್‌ಕಾಂಗ್
೪ ಮಾರ್ಚ್ ೧೯೮೪, ಭಾನುವಾರ

ಅಕ್ಕನಿಗೆ,

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರುವುದಿಲ್ಲ. ನಾನೊಂದು ವಾಚು ಕೊಂಡೆ. ಸಾಧಾರಣ ವಾಚಲ್ಲ. ಸ್ವಿಸ್ ಮಾಲು, ಉಕ್ಕಿನದು, ಮುನ್ನೂರು ಮೀಟರ್ ನೀರಿನಡಿಗೆ ಇಳಿದರೂ ನಡೆಯುತ್ತದಂತೆ. ಬೆಲೆ ಕೇಳಬೇಡ. ಯಾಕೆ ಕೊಂಡೆ ಎಂದೂ ಕೇಳಬೇಡ, ಅದು ನನಗೇ ತಿಳಿದಿಲ್ಲ.

ಅಪ್ಪನ ಹಳೆಯ ವಾಚು ಹೊಸವರ್ಷದ ಹಬ್ಬದ ಮರುದಿನ ನಿಂತುಹೋಯಿತು. ಹನ್ನೊಂದು ವರ್ಷದ ಹಿಂದೆ ಚೀನಾದಿಂದ ಕೊಲ್ಲಿಯನ್ನು ಈಜಿ ಈ ದಡಕ್ಕೆ ಬಂದಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಲ್ಲಲ್ಲಿ ಕಚ್ಚಿಕೊಂಡು ತಂದದ್ದು ಅದೊಂದನ್ನೇ. ಅದನ್ನು ತೋರಿಸೋಣ ಎಂದು ನೇಥನ್ ರಸ್ತೆಯ ಒಂದು ದೊಡ್ಡ ಅಂಗಡಿಗೆ ನುಗ್ಗಿದೆ. ಅಂಗಡಿಯಾಕೆ ನನ್ನ ಕೈ ನೋಡಿದಳು, ಉಗುರು ನೋಡಿದಳು. "ಅಣ್ಣಾ, ರಿಪೇರಿಯವ್ರು ಫುಟ್‌ಪಾತ್ ಮೇಲೆ ಕೂತಿರ್ತಾರೆ, ಇಲ್ಲಲ್ಲ" ಎಂದಳು. "ರಿಪೇರಿಗಲ್ಲ, ಕೊಳ್ಳೋಕೆ ಬಂದೆ" ಎಂದು ನನ್ನ ಬಾಯಿ ಹೇಳಿತು. ಬಾಯಿ ಹೇಳಿದ್ದನ್ನು ಕೈ ಮಾಡಿತು. ಮಧ್ಯದಲ್ಲಿ ನಾನು ಎಲ್ಲಿದ್ದೆನೋ.

ಈಗ ಪಜೀತಿ ನೋಡು. ಕಟ್ಟಿಕೊಂಡರೆ ಕಳ್ಳರ ಭಯ. ಬಿಚ್ಚಿಟ್ಟರೆ ಎರಡು ದಿನಕ್ಕೆ ನಿಂತುಬಿಡುತ್ತದೆ, ಇದಕ್ಕೆ ಕೈ ಆಡುತ್ತಲೇ ಇರಬೇಕು. ಕಾಲುಚೀಲದಲ್ಲಿ ಸುತ್ತಿ ಅಕ್ಕಿಡಬ್ಬಿಯಲ್ಲಿ ಇಡುತ್ತೇನೆ, ಮತ್ತೆ ಗಾಬರಿಯಾಗಿ ತೆಗೆದು ಅಲ್ಲಾಡಿಸುತ್ತೇನೆ. ರೈಲಿನಲ್ಲಿ ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆಯುವುದಿಲ್ಲ. ಕಟ್ಟಡಗಳಿಗೆ ಬಿದಿರಿನ ಸಾರವೆ ಕಟ್ಟುವ ನಮ್ಮ ಗುಂಪಿನಲ್ಲಿ ಕೂಂಗ್ ಮೇಸ್ತ್ರಿ ದಿನಾ ಕೂಗುತ್ತಾರೆ: "ಏನ್ ಸಾಹೇಬ್ರೇ, ಟೈಮೆಷ್ಟು? ಇಪ್ಪತ್ತನೇ ಮಾಳಿಗೇಲಿ ಸಮುದ್ರ ಎಲ್ಲಿ ಬರುತ್ತೆ ಅಂತ ಕಟ್ಕೊಂಡ್ಯೋ?" ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಲೋಬ್ಯೂ ಪಕ್ಕದಲ್ಲೇ ಕೂತು ಅಕ್ಷರ ತಿದ್ದುತ್ತಿದ್ದಾನೆ. ಅತ್ತೆಯ ಮಗನಾದ ಮೇಲೆ ಕಿವಿ ಹಿಂಡುವ ಹಕ್ಕೂ ಇದೆಯಂತೆ. ಊರಿನವರೆಲ್ಲ ಲೋಬ್ಯೂ, ಅಂದರೆ 'ಹಳೇ ಭಾವ', ಎಂದು ಕರೆದೂ ಕರೆದೂ ಪಾಕ್‌ಸೌ ಎಂಬ ಅವನ ನಿಜ ಹೆಸರು ಅವನಿಗೇ ಮರೆತಿರಬೇಕು. "ವಾಚು ಅಂತ ಬರೀವಾಗ ಅಕ್ಷರದ ಎಡಗಡೆ ಲೋಹದ ಗುರುತು ಹಾಕೋ. ಅದನ್ನ ಬಿಟ್ರೆ ಅತ್ತೆ ಮಗ ಅಂತಾಗುತ್ತೆ. ನೀನು ಕೊಂಡಿದ್ದು ವಾಚನ್ನೋ, ನನ್ನನ್ನೋ?" ಎಂದು ಗದರುತ್ತಾನೆ. ನಾನೇನು ಮಾಡಲಿ? ಆ ದಡದ ನಮ್ಮ ಶಾಲೆಯಲ್ಲಿ ಸರ್ಕಾರದವರು ಚೀನೀ ಅಕ್ಷರ ಸುಲಭ ಮಾಡುತ್ತೇವೆಂದು ಆ ಗುರುತನ್ನೇ ಕಿತ್ತುಹಾಕಿದ್ದರು. ಎರಡಕ್ಕೂ ಒಂದೇ ಅಕ್ಷರ. ಅದನ್ನು ಕಲಿಯುವಷ್ಟರಲ್ಲಿ ಶಾಲೆಯೂ ಮುಚ್ಚಿತು. ನೀನು ಪುಣ್ಯವಂತೆ, ಅತ್ತೆಯ ಜೊತೆ ಮೊದಲೇ ಈ ದಡಕ್ಕೆ ಬಂದು ಲೋಬ್ಯೂ ಜೊತೆ ಒಂದೇ ಬೆಂಚಿನಲ್ಲಿ ಕಲಿತೆ.

ನೀನು ಕೂಡಿಸಿ ಬರೆಯುವ ಅಕ್ಷರ ನನಗೆ ಇನ್ನೂ ಹತ್ತುವುದಿಲ್ಲ. ಅವನೇ ಗಟ್ಟಿಯಾಗಿ ಓದಿ ಹೇಳುತ್ತಾನೆ. ಬೇಗ ಬರೆ.

ತಮ್ಮ,
ಫೂಕ್‌ಲಾಮ್


ಹಲ್, ಇಂಗ್ಲೆಂಡ್
೧೬ ಮಾರ್ಚ್ ೧೯೮೪

ತಮ್ಮ ಲಾಮ್‌ನಿಗೆ,

ಕೊಂಡದ್ದಾಯಿತು, ಇನ್ನು ಕಟ್ಟಿಕೋ. ಅಕ್ಕಿಡಬ್ಬಿಯಲ್ಲಿಟ್ಟು ಅಕ್ಕಿಗೆ ಟೈಮು ತೋರಿಸಬೇಡ. ನಿನಗೆ ಚಿಕ್ಕಂದಿನಿಂದಲೂ ಹೀಗೇ. ಹೊಸ ಚಪ್ಪಲಿ ಕೊಡಿಸಿದರೆ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುತ್ತಿದ್ದೆಯೆಂದು ಅಮ್ಮ ಬರೆಯುತ್ತಿದ್ದಳು.

ಇಲ್ಲಿ ಎಲ್ಲ ಹಾಗೇ ಇದೆ. ಬೆಳಿಗ್ಗೆ ಆಲೂಗಡ್ಡೆ ಸುಲಿಯುವುದು, ಸಂಜೆ ಕರಿಯುವುದು. ಅಂಗಡಿಯ ಮಾಲೀಕ ಪಾಂಗ್ ಒಳ್ಳೆಯವರು. ಅವರ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಅವರು ನನ್ನನ್ನು ಒಂದು ಮಾತು ಕೇಳಿದ್ದಾರೆ. ಬೇಸಿಗೆಯೊಳಗೆ ಉತ್ತರ ಹೇಳಬೇಕು. ಏನು ಹೇಳಲೋ ತೋಚುತ್ತಿಲ್ಲ.

ಲೋಬ್ಯೂ ಇನ್ನೂ ಮನೆಯಲ್ಲೇ ಊಟ ಮಾಡುತ್ತಾನೋ? ನಿನ್ನ ಕೋಣೆಯಲ್ಲೇ ಇರುತ್ತಾನೋ, ಬೇರೆ ಹೋಗುವ ಯೋಚನೆ ಇದೆಯೋ? ಸುಮ್ಮನೆ ಕೇಳಿದೆ.

ಅಕ್ಕ,
ಯುಕ್‌ಹಿಂಗ್


ಷಾಮ್‌ಷುಯಿಪೋ
೮ ಏಪ್ರಿಲ್ ೧೯೮೪

ಅಕ್ಕನಿಗೆ,

ತಡವಾಯಿತು, ಬಯ್ಯಬೇಡ. ಕೆಲಸ ಜಾಸ್ತಿ.

ನೀನು ಲೋಬ್ಯೂ ಊಟದ ವಿಷಯ ಕೇಳಿದ್ದು ನನ್ನ ತಲೆಯಲ್ಲೇ ಸುತ್ತುತ್ತಿದೆ. ಅವನು ನನ್ನ ಜೊತೆ ಇರುವುದು ನಿನಗೆ ಇಷ್ಟವಿಲ್ಲವೇ? ಈಜಿ ಬಂದು ಒದ್ದೆ ಚಡ್ಡಿಯಲ್ಲಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದ ನನ್ನನ್ನು ಕರೆದೊಯ್ದು ಅನ್ನ ಹಾಕಿದವನು ಅವನು. ಅವನನ್ನು ಹೊರಗೆ ಕಳಿಸು ಎಂದರೆ ನನ್ನಿಂದ ಆಗುವುದಿಲ್ಲ. ಹಾಗಲ್ಲದಿದ್ದರೆ ಕ್ಷಮಿಸು. ನಿನ್ನ ಮಾಲೀಕರು ಕೇಳಿದ್ದು ಇನ್ನೊಂದು ಅಂಗಡಿ ನೋಡಿಕೊಳ್ಳುತ್ತೀಯಾ ಎಂದಿರಬೇಕು. ಒಪ್ಪಿಕೋ. ಅಥವಾ ಒಪ್ಪಬೇಡ. ಯೋಚಿಸು.

ವಾಚಿನ ವಿಷಯ. ಅದನ್ನು ಇನ್ನು ಕಟ್ಟುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಬಿದಿರಿನ ಮೇಲೆ ಕೆಲಸ ಮಾಡುವವನ ಕೈ ಕೈಯಂತಿರಬೇಕು, ಗಾಜಿನ ಸಾಮಾನಿನಂತಿರಬಾರದು. ಅದು ಕೈಯಲ್ಲಿದ್ದಾಗ ನಾನು ಬಿದಿರನ್ನು ನೋಡುವುದೇ ಇಲ್ಲ, ಅದನ್ನೇ ನೋಡುತ್ತೇನೆ. ಆದರೆ ಬಿಚ್ಚಿಟ್ಟರೆ ಕೈ ಬರಿದಾಗಿ ಇನ್ನೊಂದು ಥರ ಭಯ, ಎಷ್ಟು ಗಂಟೆಯೋ ಏನೋ ಎಂದು. ಅದಕ್ಕೇ ಅಪ್ಪನ ವಾಚನ್ನು ಆಪ್‌ಲಿಯು ಬೀದಿಯ ರಿಪೇರಿ ಮುದುಕರ ಕೈಗೆ ಕೊಟ್ಟಿದ್ದೇನೆ. "ಇದರ ಹೊಟ್ಟೇಲಿ ಇನ್ನೂ ಸಮುದ್ರ ಇದೆಯಲ್ಲೋ ಮಾರಾಯ, ನೋಡೋಣ ಬಿಡು" ಎಂದಿದ್ದಾರೆ. ಅದು ಮತ್ತೆ ನಡೆಯಲು ಹೊರಟ ದಿನ ಹೊಸದನ್ನು ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಡುತ್ತೇನೆ.

ಲೋಬ್ಯೂಗೆ ಸ್ವಲ್ಪ ಕೆಮ್ಮು. ಮಲಗಿದ್ದಾನೆ. ಗಾಬರಿಯಾಗುವಂಥದ್ದೇನಲ್ಲ.

ಫೂಕ್‌ಲಾಮ್


ಹಲ್
೧೯ ಏಪ್ರಿಲ್ ೧೯೮೪

ಲಾಮ್,

ಈ ಸಲ ನಿನ್ನ ಪತ್ರದಲ್ಲಿ ಒಂದು ತಿದ್ದುಪಡಿಯೂ ಇರಲಿಲ್ಲ. ವಾಚು ಎಂದು ಎರಡು ಕಡೆ ಬರೆದಿದ್ದೀಯ, ಎರಡು ಕಡೆಯೂ ಲೋಹದ ಗುರುತಿಲ್ಲ. ಕೆಮ್ಮುವವನಿಗೆ ಪೆನ್ಸಿಲ್ ಹಿಡಿಯಲು ಏನು ಕಷ್ಟ? ಅವನಿಗೇನಾಗಿದೆ ಹೇಳು.

ಬೆಳಗಿನ ಆಲೂಗಡ್ಡೆಯೆಲ್ಲ ಇವತ್ತು ದಪ್ಪ ದಪ್ಪ ಸುಲಿದು ಹಾಳು ಮಾಡಿದೆ. ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಪಾಂಗ್ ಕೇಳಿದ್ದು ಅಂಗಡಿಯ ಮಾತಲ್ಲ, ಮದುವೆಯ ಮಾತು. ನನಗೆ ಮೂವತ್ತೈದು. ಅವರು ಒತ್ತಾಯ ಮಾಡುವವರಲ್ಲ, ಆದರೆ ಕಾಯುತ್ತ ಕೂರುವುದೂ ನ್ಯಾಯವಲ್ಲ. ಈ ಸುದ್ದಿಯನ್ನು ಲೋಬ್ಯೂಗೆ ಹೇಳು. ಅವನು ಏನನ್ನುತ್ತಾನೋ, ಅದನ್ನು ಹಾಗೇ ಬರೆ. ಏನೂ ಅನ್ನದಿದ್ದರೆ ಏನೂ ಅನ್ನಲಿಲ್ಲ ಎಂದೇ ಬರೆ. ನಿನ್ನದೇನೂ ಸೇರಿಸಬೇಡ.

ಬೇಗ ಬರೆ. ಉದ್ದ ಬೇಡ, ಒಂದು ಸಾಲು ಸಾಕು.

ಅಕ್ಕ


ಷಾಮ್‌ಷುಯಿಪೋ
೨ ಮೇ ೧೯೮೪
(ಅಂಚೆ ಕಾರ್ಡು)

ಅಕ್ಕನಿಗೆ,

ಅವಸರದಲ್ಲಿದ್ದೇನೆ, ಒಂದೇ ಸುದ್ದಿ. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಲೋಬ್ಯೂ ಹೊರಟಾಯ್ತು. ನನ್ನ ಕೈಯಲ್ಲೇ. ಮುದುಕರು ಮೂರು ವಾರ ತಮ್ಮ ಕೈಲಾದದ್ದೆಲ್ಲ ಮಾಡಿದ್ದರು. ಪೆಟ್ಟಿಗೆಯಲ್ಲಿಟ್ಟು ಮುಚ್ಚಿಯೂ ಆಯ್ತು. ನನ್ನ ಎದೆಯ ಭಾರ ಇಳಿಯಿತು. ಇನ್ನು ಹೆದರಿಕೆಯಿಲ್ಲ. ನೀನು ಕೇಳಿದ್ದಕ್ಕೆ ಆಮೇಲೆ ನಿಧಾನವಾಗಿ ಬರೆಯುತ್ತೇನೆ.

ಫೂಕ್‌ಲಾಮ್


ಹಲ್
೧೧ ಮೇ ೧೯೮೪

ಲಾಮ್,

ಪತ್ರ ಓದಿ ಹೇಳುವವನು ಹೋದ. ಅದಕ್ಕೇ ನಿನಗೆ ಹತ್ತುವ ಹಾಗೆ ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ.

ಎದೆಯ ಭಾರ ಇಳಿಯಿತು ಎಂದು ಹೇಗೆ ಬರೆದೆಯೋ? ಅವನು ನಿನಗೆ ಅಷ್ಟು ಭಾರವಾಗಿದ್ದನೇ? ಮೂರು ವಾರ ಮಲಗಿದ್ದವನನ್ನು ಕೆಮ್ಮು ಎಂದೆ. ನನಗೆ ಹೇಳಿದ್ದರೆ ಬರುತ್ತಿದ್ದೆ. ಈಗ ನಿನ್ನ ಮೇಲೆ ಕೂಗಾಡಲೂ ಶಕ್ತಿಯಿಲ್ಲ. ಕೊನೆಗೆ ಏನಾದರೂ ಕೇಳಿದನೇ? ಪಾಂಗ್ ವಿಷಯ ಅವನಿಗೆ ಹೇಳಿದೆಯಾ? ಹೇಳದೇ ಇದ್ದರೆ ಒಳ್ಳೆಯದು. ಹೇಳಿದ್ದರೆ, ಅವನು ಅದನ್ನು ಹೊತ್ತುಕೊಂಡೇ ಹೋದನೋ ಏನೋ.

ಒಂಬತ್ತು ವರ್ಷ ನಿನಗೆ ಬರೆದ ಪತ್ರಗಳು ನಿಜವಾಗಿ ನಿನಗೆ ಬರೆದವಲ್ಲ. ಈ ಮಾತಿಗೆ ನೊಂದುಕೊಳ್ಳಬೇಡ. ನನ್ನ ಮಾತು ಅವನ ಬಾಯಿಂದ ಹೊರಡುತ್ತದೆ ಎಂದೇ ಬರೆಯುತ್ತಿದ್ದೆ. ಆಲೂಗಡ್ಡೆ ಎಂದು ಬರೆಯುವಾಗಲೂ, ಅವನು ಆಲೂಗಡ್ಡೆ ಎನ್ನುವುದನ್ನು ಇಲ್ಲಿಂದಲೇ ಕೇಳುತ್ತಿದ್ದೆ. ಅವನು ಓದುತ್ತಾನೆ ಎಂಬ ಸಂಕೋಚಕ್ಕೆ ಬರೆಯಬೇಕಾದ್ದನ್ನು ಮಾತ್ರ ಒಂದು ಸಲವೂ ಬರೆಯಲಿಲ್ಲ.

ನಾನು ಇಲ್ಲಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಹೋಗಬೇಡ ಎನ್ನುತ್ತಾನೇನೋ ಎಂದು ನಾಲ್ಕು ಸಲ ಪೆಟ್ಟಿಗೆ ಕೆಳಗಿಟ್ಟೆ. ನಾಲ್ಕು ಸಲವೂ ಅವನೇ ಎತ್ತಿ ಕೈಗೆ ಕೊಟ್ಟ. "ಅಲ್ಲಿ ಚಳಿಯಂತೆ, ಎರಡು ಜೊತೆ ಕಾಲುಚೀಲ ಹಾಕ್ಕೋ" ಎಂದ. ಇವನಿಗೆ ನಾನು ಬೇಕಿಲ್ಲ ಎಂದುಕೊಂಡೆ. ಅವನು, ಇವಳಿಗೆ ಹೋಗಬೇಕಾಗಿದೆ ಎಂದುಕೊಂಡನೋ ಏನೋ. ಇನ್ನು ಯಾರನ್ನು ಕೇಳಲಿ?

ಬಿಳಿ ಉಣ್ಣೆಯಲ್ಲಿ ಸೂತಕದ ಹೂ ಮಾಡಿ ಮುಡಿದಿದ್ದೇನೆ. ಯಾವ ಹಕ್ಕಿನಿಂದ ಎಂದು ಅತ್ತೆ ಬದುಕಿದ್ದರೆ ಕೇಳುತ್ತಿದ್ದರು. ಕೇಳಲಿ. ನಲವತ್ತೊಂಬತ್ತು ದಿನ ತೆಗೆಯುವುದಿಲ್ಲ.

ಅವನ ಹೆಸರಿನಲ್ಲಿ ಧೂಪ ಹಚ್ಚುವಾಗ ಲೋಬ್ಯೂ ಎನ್ನಬೇಡ. ಪಾಕ್‌ಸೌ ಎನ್ನು.

ಯುಕ್‌ಹಿಂಗ್


ಷಾಮ್‌ಷುಯಿಪೋ
೨೦ ಮೇ ೧೯೮೪

ಅಕ್ಕಾ,

ಅವನು ಸತ್ತಿಲ್ಲ! ಸತ್ತಿಲ್ಲ, ಸತ್ತಿಲ್ಲ. ಮೂರು ಸಲ ಬರೆದಿದ್ದೇನೆ, ಮೂರರಲ್ಲೂ ಅಕ್ಷರ ಸರಿಯಿದೆಯೇ ಎಂದು ಅವನಿಗೇ ತೋರಿಸಿದ್ದೇನೆ.

ಮತ್ತೆ ನಡೆಯಲು ಹೊರಟದ್ದು ಅಪ್ಪನ ವಾಚು. 'ಹಳೇ ವಾಚು' ಎಂದು ಬರೆಯಲು ಹೋಗಿ ಲೋಹದ ಗುರುತು ಬಿಟ್ಟೆ. ಅದನ್ನು ಬಿಟ್ಟರೆ ಹಳೇ ವಾಚೂ ಲೋಬ್ಯೂವೇ, ಹಳೇ ಭಾವನೂ ಲೋಬ್ಯೂವೇ. ಮುದುಕರು ಎಂದರೆ ರಿಪೇರಿಯ ಮುದುಕರು. ಪೆಟ್ಟಿಗೆ ಎಂದರೆ ಹೊಸ ವಾಚಿನ ಪೆಟ್ಟಿಗೆ, ಅಂಗೈಯಷ್ಟಿದೆ. ಅದರಲ್ಲಿ ಮನುಷ್ಯ ಹೇಗೆ ಹಿಡಿಯುತ್ತಾನೆ? ಅದು ನಿನಗೆ ಹೇಗೆ ಗೊತ್ತಾಗಬೇಕು. ಅಯ್ಯೋ, ನನ್ನ ಕೈ ಮುರಿಯಬೇಕಿತ್ತು.

ಮುರಿದದ್ದು ಅವನ ಕಾಲು. ಇದನ್ನು ಈಗ ಹೇಳಲೇಬೇಕು. ಅವನಿಗೆ ಕೆಮ್ಮು ಇರಲಿಲ್ಲ. ಮಾರ್ಚ್ ಕೊನೆಯಲ್ಲಿ ನಾನು ಮೇಲಿನ ಅಂತಸ್ತಿನಿಂದ ಬಿದಿರು ಇಳಿಸುತ್ತಿದ್ದೆ. ಬಿದಿರನ್ನು ಎಡಗೈ ಮಣಿಕಟ್ಟಿನ ಮೇಲೆ ಜಾರಿಸಿ ಇಳಿಸುವುದು ನಮ್ಮ ಪದ್ಧತಿ, ಮಣಿಕಟ್ಟೇ ಅದಕ್ಕೆ ಲಗಾಮು. ಅದು ವಾಚಿಗೆ ಉಜ್ಜಿತು. ಗೀರು ಬಿತ್ತೇನೋ ಎಂದು ಕೈ ಸೆಳೆದುಕೊಂಡೆ. ಅಷ್ಟೇ. ಲಗಾಮು ತಪ್ಪಿದ ಬಿದಿರು ಬೀಸಿ ಕೆಳಗಿನ ಅಂತಸ್ತಿನಲ್ಲಿ ಅದನ್ನು ಹಿಡಿಯಲು ನಿಂತಿದ್ದ ಲೋಬ್ಯೂಗೆ ಬಡಿಯಿತು, ಅವನು ಒಂದು ಅಂತಸ್ತು ಕೆಳಗೆ ಮರಳಿನ ಮೇಲೆ ಬಿದ್ದ. ಕಾಲು, ಎರಡು ಪಕ್ಕೆಲುಬು. ಒಂದೂವರೆ ತಿಂಗಳು ಆಸ್ಪತ್ರೆ. ವಾಚಿಗೆ ಒಂದು ಗೀರೂ ಇಲ್ಲ ಅಕ್ಕಾ. ಅದನ್ನು ನೋಡಿದರೆ ನನಗೆ ತಲೆ ತಿರುಗುತ್ತದೆ. ಎಸೆಯಲು ಎರಡು ಸಲ ಫೆರಿ ಕಟ್ಟೆಗೆ ಹೋದೆ. ಮುನ್ನೂರು ಮೀಟರ್ ಕೆಳಗೂ ನಡೆಯುತ್ತದಲ್ಲ, ಎಸೆದರೂ ಅಲ್ಲಿ ಟಿಕ್‌ಟಿಕ್ ಎನ್ನುತ್ತಲೇ ಇರುತ್ತದೆ ಎನಿಸಿ ವಾಪಸು ತಂದೆ.

"ಎಸೀಬೇಡ್ವೋ ಪೆದ್ದೇ" ಎಂದ ಲೋಬ್ಯೂ. "ಕೈ ಎಳ್ಕೊಂಡಿದ್ದು ವಾಚಲ್ಲ, ನೀನು. ಅದನ್ನ ಕಟ್ಕೊಂಡೇ ಕೆಲಸ ಕಲಿ. ಮೈ ತುಂಬ ಗೀರು ಬೀಳ್ಲಿ, ಆಗ ನಿನ್ನದಾಗುತ್ತೆ." ಅವನು ಹೇಳಿದ್ದು ಕ್ಷಮೆಯೋ ಶಿಕ್ಷೆಯೋ ತಿಳಿಯದೆ ಕಟ್ಟಿಕೊಂಡಿದ್ದೇನೆ.

ನಿನ್ನ ಏಪ್ರಿಲ್ ಪತ್ರವನ್ನು ಕೂಂಗ್ ಮೇಸ್ತ್ರಿ ಓದಿ ಹೇಳಿದ್ದರು, ಆದರೆ ಪಾಂಗ್ ವಿಷಯವನ್ನು ಲೋಬ್ಯೂಗೆ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದವನಿಗೆ ಹೇಗೆ ಹೇಳಲಿ? ಮೊನ್ನೆ ಮನೆಗೆ ಬಂದ. ನಿನ್ನೆ ನಿನ್ನ ಪತ್ರ ಬಂತು. ಅಕ್ಷರ ದೊಡ್ಡದಿದ್ದುದರಿಂದ ನಾನೇ ಓದಬಹುದಿತ್ತು. ಆದರೆ ಅವನು, "ಕೊಡೋ ಇಲ್ಲಿ, ನಿಮ್ಮಕ್ಕನ ಆಲೂಗಡ್ಡೆ ಸಮಾಚಾರ ಕೇಳಿ ಎರಡು ತಿಂಗಳಾಯ್ತು" ಎಂದು ಕಸಿದುಕೊಂಡ.

'ಪತ್ರ ಓದಿ ಹೇಳುವವನು ಹೋದ' ಎಂಬುದನ್ನು ಅವನೇ ಗಟ್ಟಿಯಾಗಿ ಓದಿದ. "ಯಾರೋ ಹೋದದ್ದು?" ಎಂದು ನನ್ನನ್ನೇ ಕೇಳಿದ. ನನಗೂ ಗೊತ್ತಾಗಲಿಲ್ಲ. ಮುಂದೆ ಓದಿದ. ಪಾಂಗ್ ಹೆಸರು ಬಂದಾಗ ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ. ಒಂಬತ್ತು ವರ್ಷ ಎನ್ನುವಲ್ಲಿ ಸ್ವರ ಸಣ್ಣದಾಯಿತು. ಪೆಟ್ಟಿಗೆ ನಾಲ್ಕು ಸಲ ಕೆಳಗಿಟ್ಟೆ ಎನ್ನುವಲ್ಲಿ ಓದುವುದು ನಿಂತೇ ಹೋಯಿತು. ಬಾಯಿ ಮಾತ್ರ ಆಡುತ್ತಿತ್ತು.

"ಮುಂದೆ ಏನು ಬರ್ದಿದಾಳೆ?" ಎಂದೆ.

"ಬಿಳಿ ಹೂ ಮುಡಿದಿದಾಳಂತೆ."

"ಭಾವ ಸತ್ರೆ ಮುಡೀತಾರಾ?"

"ಇಲ್ಲ ಕಣೋ" ಎಂದ. ಪತ್ರ ಮಡಿಸುತ್ತ, "ಗಂಡ ಸತ್ರೆ ಮುಡೀತಾರೆ" ಎಂದ. ಆಮೇಲೆ ಊರುಗೋಲು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಪಕ್ಕದ ಕಟ್ಟಡದಲ್ಲಿ ಒಣಹಾಕಿದ ಬಟ್ಟೆಗಳನ್ನು ನೋಡುತ್ತ ನಿಂತ. ಅನ್ನ ಆರಿಹೋಯಿತು, ತಿನ್ನಲಿಲ್ಲ. ಅವನಿಗೆ ಸಂತೋಷವೋ, ಸಿಟ್ಟೋ, ನೋವಿನ ಮಾತ್ರೆ ತಪ್ಪಿತೋ? ನನಗಂತೂ ಏನೂ ಅರ್ಥವಾಗುತ್ತಿಲ್ಲ. ಇವತ್ತು ಬೆಳಿಗ್ಗೆಯಿಂದ ನಿನಗೆ ಬರೆಯುತ್ತೇನೆಂದು ನಾಲ್ಕು ಹಾಳೆ ಹರಿದ. ಬೇರೆಯವರ ಅಕ್ಷರ ತಿದ್ದುವವನಿಗೆ ತನ್ನದು ಒಂದು ಸಾಲು ಬರುವುದಿಲ್ಲ ನೋಡು. ಕೊನೆಗೆ ಈ ಹಾಳೆಯ ಅಡಿಯಲ್ಲೇ ಜಾಗ ಬಿಡು ಎಂದಿದ್ದಾನೆ. ಬಿಟ್ಟಿದ್ದೇನೆ.

ನೀನು ಪಾಂಗ್‌ಗೆ ಹೂಂ ಎಂದುಬಿಟ್ಟಿದ್ದೀಯಾ? ಅದನ್ನು ಮೊದಲು ಬರೆ.

ಫೂಕ್‌ಲಾಮ್

ಇದ್ದೇನೆ. ಸ್ವಲ್ಪ ಕುಂಟು. ಅವತ್ತು ಪೆಟ್ಟಿಗೆ ಎತ್ತಿ ಕೊಡಬಾರದಿತ್ತು.
— ಪಾಕ್‌ಸೌ


ಹಲ್
೨೯ ಮೇ ೧೯೮೪

ಲಾಮ್,

ನಿನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಎರಡು ಬಾರಿಸಿ ಆಮೇಲೆ ಅಪ್ಪಿಕೊಳ್ಳಬೇಕು. ಅಥವಾ ಮೊದಲು ಅಪ್ಪಿಕೊಂಡು ಆಮೇಲೆ ಬಾರಿಸಬೇಕು. ನನಗೂ ಈಗ ನಿನ್ನ ಹಾಗೇ ಯಾವುದು ಮೊದಲು, ಯಾವುದು ಆಮೇಲೆ ತಿಳಿಯುತ್ತಿಲ್ಲ. ನಿನ್ನ ಕಾರ್ಡನ್ನು ಮತ್ತೆ ತೆಗೆದು ಓದಿದೆ. ಪೆಟ್ಟಿಗೆಯ ಮಾತನ್ನು ನೀನು ಏಪ್ರಿಲಿನಲ್ಲೇ ಬರೆದಿದ್ದೆ, ನಿಜ. ಆದರೆ ನಾನು ಕಾಯುತ್ತಿದ್ದುದು ವಾಚಿನ ಸುದ್ದಿಗಲ್ಲ. ಅವನು ಏನಂದ ಎಂದು ಕೇಳಿದ್ದೆ, ಅವನು ಹೊರಟ ಎಂದು ಬಂತು.

ಕಾಲು ಮುರಿದ ವಿಷಯ ಮುಚ್ಚಿಟ್ಟದ್ದಕ್ಕೆ ಇನ್ನೂ ಸಿಟ್ಟಿದೆ. ಅದನ್ನು ಬಂದಮೇಲೆ ವಿಚಾರಿಸಿಕೊಳ್ಳುತ್ತೇನೆ. ಹೌದು, ಬರುತ್ತಿದ್ದೇನೆ. ಜೂನ್ ಇಪ್ಪತ್ತೆರಡು, ಶುಕ್ರವಾರ. ಪಾಕ್‌ಸೌಗೆ ಕುಂಟುತ್ತ ವಿಮಾನ ನಿಲ್ದಾಣಕ್ಕೆ ಬರಬೇಡ ಎನ್ನು. ಬಂದರೆ ಬೇಡ ಎನ್ನುವುದಿಲ್ಲ.

ಪಾಂಗ್‌ಗೆ ಹೂಂ ಎಂದೆಯಾ ಎಂದು ಕೇಳಿದೆಯಲ್ಲ. ಏನಾಯಿತು ಹೇಳುತ್ತೇನೆ.

ನಿನ್ನ ಕಾರ್ಡು ಬಂದ ಮರುದಿನ ಹೂ ಮುಡಿದು ಕೆಲಸಕ್ಕೆ ಇಳಿದೆ. ಪಾಂಗ್ ಎಣ್ಣೆಯ ಬಾಣಲೆಯ ಮುಂದಿದ್ದರು. ತಲೆ ನೋಡಿದರು. "ಯಾರು ಹೋದ್ರು, ಯುಕ್‌ಹಿಂಗ್?" ಎಂದರು. ಅತ್ತೆ ಮಗ ಎಂದು ಹೇಳಬೇಕೆಂದೇ ಬಾಯಿ ತೆರೆದೆ. "ನನ್ನ ಗಂಡ" ಎಂದು ಬಂತು. ಅವರು ಒಲೆ ಆರಿಸಿದರು, ಬಾಗಿಲಿಗೆ ಚೀಟಿ ಅಂಟಿಸಿ ಒಂದು ದಿನ ಅಂಗಡಿ ಮುಚ್ಚಿದರು. ತಮ್ಮ ಹೆಂಡತಿಗೆಂದು ತಂದಿಟ್ಟಿದ್ದ ಧೂಪದಲ್ಲಿ ಅರ್ಧ ನನಗೆ ಕೊಟ್ಟರು. ಮದುವೆಯ ಮಾತನ್ನು ಮತ್ತೆ ಎತ್ತಲಿಲ್ಲ. ಬೀದಿಯವರೆಲ್ಲ ಬಂದು ಕೈ ಹಿಡಿದು ಹೋದರು. ಮೀನಿನ ಅಂಗಡಿಯ ಮುದುಕಿ ಒಂದು ಕೇಕು ಮಾಡಿ ತಂದಳು.

ಮೊನ್ನೆ ನಿನ್ನ ಪತ್ರ ಬಂದಾಗ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಪಾಂಗ್ ಓಡಿ ಬಂದರು. ಆಲೂಗಡ್ಡೆ ಬುಟ್ಟಿಯ ಮೇಲೆ ನನ್ನನ್ನು ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿದರು. ಲೋಹದ ಗುರುತಿನ ವಿಷಯ ಬಂದಾಗ ನಗು ತಡೆಯಲು ಗೋಡೆಯ ಕಡೆ ತಿರುಗಿದರು. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡರು.

"ಹಾಗಾದ್ರೆ ಅವತ್ತು ನೀನು ನನಗೆ ಹೇಳಿದ್ದು ಸುಳ್ಳಾ?" ಎಂದರು.

"ಸತ್ತಿದ್ದಷ್ಟೇ ಸುಳ್ಳು" ಎಂದೆ.

ಯುಕ್‌ಹಿಂಗ್